ಮಲಗುಂಡಿ ಮತ್ತು ಒಳಚರಂಡಿ ಸ್ವಚ್ಛತಾ ಕೆಲಸಗಾರರ ಹಕ್ಕುಗಳು ಹಾಗೂ ಪುನರ್ವಸತಿ ಸೌಲಭ್ಯಗಳು

(ಚಿಕ್ಕಬಾಣಾವರ ಮತ್ತು ಪೀಣ್ಯ ಸುತ್ತಮುತ್ತಲಿನ ಸಾರ್ವಜನಿಕರ ಮಾಹಿತಿಗಾಗಿ)

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕವು 1970ರ ದಶಕದಲ್ಲಿಯೇ, ಶ್ರೀ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದ ಅವಧಿಯಲ್ಲಿ ನಿಷೇಧಿಸಿತು. ಬುಟ್ಟಿ ಹೋಯಿತು, ಗುಂಡಿಗೆ ಇಳಿಸುವ ರೂಢಿ ಉಳಿಯಿತು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಮನೆ ತೆರವಿನ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ಇಲ್ಲಿ ಸ್ಮರಿಸಬಹುದು. ಮ್ಯಾನ್ಯುಯಲ್ ಸ್ಕ್ಯಾವೆಂಜರ್ ನೇಮಕಾತಿ ನಿಷೇಧ ಹಾಗೂ ಅವರ ಪುನರ್ವಸತಿ ಅಧಿನಿಯಮ, 2013 ದಿನಾಂಕ 6-12-2013ರಿಂದ ಜಾರಿಯಲ್ಲಿದೆ.

ಸದರಿ ಅಧಿನಿಯಮದ 7ನೇ ಪ್ರಕರಣದಂತೆ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿಯು ನೇರವಾಗಿಯಾಗಲಿ, ಪರೋಕ್ಷವಾಗಿಯಾಗಲಿ ಕೆಲಸಗಾರರನ್ನು ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ತೊಡಗಿಸುವಂತಿಲ್ಲ. "ಗುತ್ತಿಗೆ ಕೊಟ್ಟಿದ್ದೇವೆ, ನಮಗೆ ಸಂಬಂಧವಿಲ್ಲ" ಎಂಬ ಮನೆ ಮಾಲೀಕರ, ಕಾರ್ಖಾನೆಗಳ ಹಾಗೂ ಅಪಾರ್ಟ್‌ಮೆಂಟ್ ಸಂಘಗಳ ಸಮಜಾಯಿಷಿಗೆ "ಪರೋಕ್ಷವಾಗಿ" ಎಂಬ ಪದವೇ ಉತ್ತರ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಕಾರಾವಾಸ ಅಥವಾ ರೂ. 2 ಲಕ್ಷದವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದ್ದು, ಅಪರಾಧವು ಜಾಮೀನುರಹಿತವಾಗಿರುತ್ತದೆ. ಗುಂಡಿಯ ವಿಷಾನಿಲವು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಮೃತಪಡುವುದು ಇದರಿಂದಲೇ. ಯಾರೂ ಇಳಿಯದೆ 112ಕ್ಕೆ ಕರೆ ಮಾಡತಕ್ಕದ್ದು.

ಅನೈರ್ಮಲ್ಯ ಶೌಚಾಲಯ, ತೆರೆದ ಚರಂಡಿ ಅಥವಾ ಗುಂಡಿಯಿಂದ ಕೈಯಿಂದ ಮಲ ತೆಗೆಯುವ ಕೆಲಸ ಮಾಡುತ್ತಿರುವವರು ಸಮೀಕ್ಷೆ ಮುಗಿದಿದ್ದರೂ ತಮ್ಮ ನಗರ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯ ಬಗ್ಗೆ 15 ದಿನಗಳೊಳಗೆ ವಿಚಾರಣೆ ನಡೆಯಬೇಕು. ಇದು ಜಾತಿ ಆಧಾರಿತ ಸೌಲಭ್ಯವಲ್ಲ. ಗುರುತಿಸಲ್ಪಟ್ಟವರಿಗೆ ಭಾವಚಿತ್ರವಿರುವ ಗುರುತಿನ ಚೀಟಿ, ಒಂದಾವರ್ತಿ ನಗದು ಸಹಾಯ ರೂ. 40,000, ಮಕ್ಕಳಿಗೆ ವಿದ್ಯಾರ್ಥಿವೇತನ, ಕುಟುಂಬದ ಒಬ್ಬರಿಗೆ ಮಾಸಿಕ ಕನಿಷ್ಠ ರೂ. 3,000 ಶಿಷ್ಯವೇತನದೊಂದಿಗೆ ವೃತ್ತಿ ತರಬೇತಿ ಹಾಗೂ ಸ್ವಯಂ ಉದ್ಯೋಗಕ್ಕೆ ಸಹಾಯಧನ ಸಹಿತ ಸಾಲ ದೊರೆಯಲು ಅವಕಾಶವಿದೆ. ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಕೆಲಸಗಾರರಿಗೆ ಸುರಕ್ಷತಾ ಸಾಧನ ಮತ್ತು ಆರೋಗ್ಯ ವಿಮೆ ನೀಡುವ ಕೇಂದ್ರದ ನಮಸ್ತೆ ಯೋಜನೆಯೂ ಇದೆ.

ಅರ್ಜಿ ಹಿಡಿದು ಬಂದವರನ್ನು ಅವರ ಕೆಲಸದ ಹೆಸರಿನಿಂದ ಕರೆಯದೆ, ಇತರ ನಾಗರಿಕರಂತೆಯೇ ಕುಳ್ಳಿರಿಸಿ ಮಾತನಾಡಿಸುವುದು ಔದಾರ್ಯವಲ್ಲ, ಕರ್ತವ್ಯ.

ಸರ್ವೋಚ್ಚ ನ್ಯಾಯಾಲಯದ ದಿನಾಂಕ 20-10-2023ರ ತೀರ್ಪಿನಂತೆ, ಒಳಚರಂಡಿಯಲ್ಲಿ ಮೃತಪಟ್ಟ ಕೆಲಸಗಾರರ ಅವಲಂಬಿತರಿಗೆ ರೂ. 30 ಲಕ್ಷ (ಹಿಂದೆ ರೂ. 10 ಲಕ್ಷ), ಶಾಶ್ವತ ಅಂಗವೈಕಲ್ಯಕ್ಕೆ ಕನಿಷ್ಠ ರೂ. 20 ಲಕ್ಷ ಪರಿಹಾರ ಸಲ್ಲಬೇಕು. ಗುತ್ತಿಗೆದಾರರು ಸ್ಥಳದಲ್ಲೇ ಅಷ್ಟಿಷ್ಟು ಹಣ ನೀಡಿದರೆಂದು ಪೊಲೀಸ್ ದೂರನ್ನು ಕೈಬಿಡಬಾರದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪಡೆದು ಇಟ್ಟುಕೊಳ್ಳುವುದು. ಪರಿಹಾರ ವಿಳಂಬವಾದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಸಮಿತಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.