ಒಳ್ಳೆ ಕಂಪನಿ, ತಪ್ಪು ಬೆಲೆ (ಷೇರು ಕಥೆ, ಭಾಗ 4)

ಇದು ಮಾರ್ಚ್ 2000ದ ಮಾತು. ಇಂಟರ್ನೆಟ್ ಜಾಲಕ್ಕೆ ಬೇಕಾದ ಯಂತ್ರಗಳನ್ನು ಮಾಡುವ ಅಮೆರಿಕದ ಸಿಸ್ಕೋ, ಮೈಕ್ರೋಸಾಫ್ಟನ್ನೂ ಹಿಂದಿಕ್ಕಿ ಜಗತ್ತಿನ ಅತಿ ಬೆಲೆಬಾಳುವ ಕಂಪನಿ ಆಯ್ತು. ಒಂದು ಷೇರಿಗೆ ಸುಮಾರು 80 ಡಾಲರ್. ಅಂದ್ರೆ ವರ್ಷದ ಲಾಭದ 100 ಪಟ್ಟಿಗೂ ಜಾಸ್ತಿ! ಆದ್ರೂ ಜನ ಮುಗಿಬಿದ್ದು ಕೊಂಡ್ರು. 2002ರಲ್ಲಿ ಅದೇ ಷೇರು 10 ಡಾಲರ್‌ಗಿಂತ ಕೆಳಗೆ.

ಕಂಪನಿ ಮುಳುಗ್ತಾ? ಇಲ್ಲ. 2010ರ ಹೊತ್ತಿಗೆ ಅದರ ವ್ಯಾಪಾರ ದುಪ್ಪಟ್ಟಾಗಿತ್ತು. ಷೇರು ಮಾತ್ರ ಆ ವರ್ಷ 30 ಡಾಲರ್ ದಾಟಲಿಲ್ಲ. 80ಕ್ಕೆ ಕೊಂಡವರು ಮತ್ತೆ ಆ ಬೆಲೆ ನೋಡೋಕೆ 20 ವರ್ಷಕ್ಕೂ ಹೆಚ್ಚು ಕಾಯಬೇಕಾಯ್ತು.

ಕಂಪನಿ ಬಗ್ಗೆ ಅವರ ಲೆಕ್ಕ ಸರಿಯಿತ್ತು, ಬೆಲೆ ಬಗ್ಗೆ ಲೆಕ್ಕವೇ ಇರಲಿಲ್ಲ. ಅದಕ್ಕೇ, ದೊಡ್ಡ ಹೆಸರು ನೋಡಿ ಕೈ ತುರಿಸಿದಾಗ ಮೊದಲು ‘ಇಷ್ಟಕ್ಕಿಂತ ಹೆಚ್ಚು ಕೊಡಲ್ಲ’ ಅಂತ ಒಂದು ಬೆಲೆ ಬರೆದಿಡಿ. ಆ ಬೆಲೆ ಬರದಿದ್ರೆ? ಕೊಳ್ಳಬೇಡಿ, ಅಷ್ಟೇ.

#ಷೇರುಕಥೆ