ಆರ್ಮಿ ಎಂಬ ಅಭಿಮಾನಿಸಮುದಾಯದ ಚರಿತ್ರೆ

ಅಭಿಮಾನವೆಂಬ ಶಬ್ದಕ್ಕೆ ಸಾಂಖ್ಯಶಾಸ್ತ್ರದಲ್ಲಿ ಅಹಂಕಾರವೆಂಬುದೇ ಅರ್ಥ. ಕನ್ನಡದಲ್ಲಾದರೋ ಅದು ಪ್ರೀತಿಗೌರವಗಳನ್ನೂ ತನ್ನವರೆಂಬ ಮಮತೆಯನ್ನೂ ಸೂಚಿಸುತ್ತದೆ. ದಕ್ಷಿಣ ಕೊರಿಯಾ ದೇಶದ ಬಿಟಿಎಸ್ ಎಂಬ ಏಳು ಮಂದಿ ತರುಣರ ಗಾಯಕಮಂಡಲಿಯನ್ನು ಆಶ್ರಯಿಸಿ ಅಂತರ್ಜಾಲದಲ್ಲಿ ಬೆಳೆದ ‘ಆರ್ಮಿ’ ಎಂಬ ಸಮುದಾಯದ ಚರಿತ್ರೆಯನ್ನು ಪರಿಶೀಲಿಸುವವರಿಗೆ ಈ ಎರಡು ಅರ್ಥಗಳೂ ಬೇಕಾಗುತ್ತವೆ. ಇದನ್ನು ಕುರಿತು ಬರೆದವರಲ್ಲಿ ಅನೇಕರು ಅದರ ಸಂಖ್ಯಾಬಲವನ್ನೂ ಅದರಿಂದ ಹುಟ್ಟಿದ ಧನವನ್ನೂ ಎಣಿಸುವುದರಲ್ಲಿಯೇ ತೃಪ್ತರಾಗಿರುವರು. ಆ ಚರಿತ್ರೆಯ ಮೂಲಸೂತ್ರವು ಬೇರೆ. ಅದು ಪಾಠರಕ್ಷಣೆ, ಎಂದರೆ ತಾವು ಮೆಚ್ಚಿದವರ ಮಾತು ಅಳಿಯದಂತೆಯೂ ಅಪಾರ್ಥಕ್ಕೆ ಗುರಿಯಾಗದಂತೆಯೂ ಕಾಯುವ ಕೆಲಸ.

ಈ ಕೆಲಸದ ಆರಂಭವನ್ನು ಬಿಟಿಎಸ್ ಮಂಡಲಿಗಿಂತ ಹಿಂದಕ್ಕೆ ಹೋಗಿ ಹುಡುಕಬೇಕು. ೧೯೯೨ರಲ್ಲಿ ‘ಸೊ ತೈಜಿ ಮತ್ತು ಬಾಲಕರು’ ಎಂಬ ಮೂವರ ಮಂಡಲಿಯು ಕೊರಿಯಾದಲ್ಲಿ ಪ್ರಸಿದ್ಧಿಗೆ ಬಂದಿತು. ೧೯೯೫ರಲ್ಲಿ ಇವರ ಒಂದು ಹಾಡಿನ ಸಾಹಿತ್ಯವನ್ನು ತಿದ್ದಬೇಕೆಂದು ಪೂರ್ವಪರಿಶೀಲನೆಯ ಸಮಿತಿಯು ವಿಧಿಸಲು, ಸೊ ತೈಜಿಯು ಸಾಹಿತ್ಯವನ್ನೆಲ್ಲ ತೆಗೆದುಹಾಕಿ ಬರಿಯ ವಾದ್ಯಸಂಗೀತವನ್ನೇ ಪ್ರಕಟಿಸಿದನು. ಅಭಿಮಾನಿಗಳು ಬಹಳವಾಗಿ ಪ್ರತಿಭಟಿಸಿದರು. ೧೯೯೬ರ ಜೂನಿನಲ್ಲಿ ಪೂರ್ವಪರಿಶೀಲನೆಯ ಪದ್ಧತಿಯೇ ರದ್ದಾಗಿ, ಆ ಹಾಡು ಸಾಹಿತ್ಯಸಮೇತವಾಗಿ ಹೊರಬಂದಿತು. ಇದರ ಕೀರ್ತಿಯೆಲ್ಲ ಅಭಿಮಾನಿಗಳದೇ ಎಂದರೆ ಅತಿಶಯೋಕ್ತಿಯಾದೀತು; ಜಂಗ್ ತೇಚುನ್ ಎಂಬ ಗಾಯಕನು ಅದಕ್ಕೆ ಕೆಲವು ವರ್ಷಗಳ ಮೊದಲಿನಿಂದಲೂ ಈ ಪದ್ಧತಿಯೊಡನೆ ಹೋರಾಡುತ್ತಿದ್ದನು. ಆದರೂ ಒಂದು ಪಾಠಕ್ಕಾಗಿ ಶ್ರೋತೃಗಳು ಗುಂಪುಕೂಡಿದುದು ಗಮನಾರ್ಹವಾಗಿದೆ. ೧೯೯೬ರಲ್ಲಿಯೇ ರಂಗಕ್ಕೆ ಬಂದ ಎಚ್.ಓ.ಟಿ. ಮಂಡಲಿಯ ಅಭಿಮಾನಿಗಳು ಬಿಳಿಯ ಬಣ್ಣವನ್ನು ತಮ್ಮ ಲಾಂಛನವಾಗಿ ಹಿಡಿದರು. ದೂರವಾಣಿಯ ತಂತಿಯ ಮೂಲಕ ಬರಿಯ ಅಕ್ಷರಗಳನ್ನು ಸಾಗಿಸುತ್ತಿದ್ದ ಹೈಟೆಲ್, ಚೊಲ್ಲಿಯನ್, ನೌನುರಿ ಮೊದಲಾದ ಗಣಕಸೇವೆಗಳಲ್ಲಿ ಆ ಕಾಲದ ಅಭಿಮಾನಿಗಳು ಕೂಡುತ್ತಿದ್ದರು.

ಬಿಟಿಎಸ್ ಮಂಡಲಿಯು ರಂಗವನ್ನೇರಿದುದು ೨೦೧೩ನೆಯ ಜೂನ್ ೧೩ರಂದು. ಕೊರಿಯನ್ ಭಾಷೆಯಲ್ಲಿ ಅದರ ಹೆಸರಿನ ಮೊದಲ ಭಾಗವಾದ ‘ಬಾಂಗ್ತಾನ್’ ಎಂಬುದಕ್ಕೆ ಗುಂಡನ್ನು ತಡೆಯುವುದೆಂದು ಅರ್ಥ. ಕವಚಕ್ಕೆ ಸೇನೆಯು ಜೊತೆಯಾಗುವುದು ಸಹಜವಾದುದರಿಂದ ಅದೇ ಜುಲೈ ೯ರಂದು ಅಭಿಮಾನಿಗಳಿಗೆ ‘ಆರ್ಮಿ’ ಎಂಬ ಹೆಸರು ಗೊತ್ತಾಯಿತು. ಈ ಶಬ್ದದ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ಪದವನ್ನು ಹಚ್ಚಿ ‘ಯುವಜನರ ಮುದ್ದಿನ ಪ್ರತಿನಿಧಿ’ ಎಂಬ ಭಾವದ ವಿವರಣೆಯನ್ನೂ ಕೊಟ್ಟಿದ್ದಾರೆ. ಹೆಸರು ಮೊದಲು ಹುಟ್ಟಿ ನಿರುಕ್ತವು ಆಮೇಲೆ ಹುಟ್ಟಿತೆಂದು ಊಹಿಸಿದರೆ ತಪ್ಪಾಗಲಾರದು.

ಕೊರಿಯನ್ ಭಾಷೆಯನ್ನರಿಯದ ಲಕ್ಷಾಂತರ ಜನರಿಗೆ ಈ ಮಂಡಲಿಯ ಹಾಡುಗಳನ್ನೂ ಸಂಭಾಷಣೆಗಳನ್ನೂ ತಲಪಿಸಿದವರು ವೇತನವಿಲ್ಲದೆ ದುಡಿದ ಅಭಿಮಾನಿ ಅನುವಾದಕರು. ಇವರ ಕಷ್ಟವನ್ನು ವ್ಯಾಕರಣಬಲ್ಲವರು ಸುಲಭವಾಗಿ ತಿಳಿಯಬಹುದು. ಕನ್ನಡದಲ್ಲಿ ಕರ್ತೃಪದವು ಲೋಪವಾದರೂ ‘ಬಂದೆನು’, ‘ಬಂದನು’ ಎಂಬಲ್ಲಿ ಆಖ್ಯಾತಪ್ರತ್ಯಯದಿಂದಲೇ ಪುರುಷವು ತಿಳಿಯುತ್ತದೆ. ಕೊರಿಯನ್ನಿನಲ್ಲಿ ಕರ್ತೃವು ಲೋಪವಾಗುವುದೂ ಉಂಟು, ಕ್ರಿಯಾಪದಕ್ಕೆ ಪುರುಷಪ್ರತ್ಯಯವೂ ಇಲ್ಲ. ಪ್ರೀತಿಸಿದವನು ಯಾರು, ಬಿಟ್ಟುಹೋದವನು ಯಾರು ಎಂಬುದನ್ನು ಸಂದರ್ಭದಿಂದಲೇ ನಿರ್ಣಯಿಸಬೇಕು. ಇಂಗ್ಲಿಷಿಗಾದರೋ ‘ನಾನು’, ‘ನೀನು’ ಎಂಬುದನ್ನು ಹೇಳದೆ ಗತಿಯಿಲ್ಲ. ಇನ್ನು ಬಂಧುವಾಚಕಗಳು: ಅಣ್ಣನನ್ನು ತಮ್ಮನು ‘ಹ್ಯಂಗ್’ ಎನ್ನುವನು, ತಂಗಿಯು ‘ಒಪ್ಪಾ’ ಎನ್ನುವಳು. ಇಂಗ್ಲಿಷಿನಲ್ಲಿ ಇವಕ್ಕೆ ಸಮನಾದ ಕರೆಯುವ ಮಾತಿಲ್ಲ. ಕನ್ನಡದ ‘ಅಣ್ಣ’ ಕೂಡ ಅರ್ಧ ಮಾತ್ರವೇ ಹೊಂದುತ್ತದೆ. ಅನುವಾದಕರಲ್ಲಿ ಅನೇಕರು ಇಂಥ ಶಬ್ದಗಳನ್ನು ತತ್ಸಮಗಳಂತೆ ಹಾಗೆಯೇ ಇಟ್ಟು, ‘ಅನುವಾದಕನ ಟಿಪ್ಪಣಿ’ ಎಂದು ಬೇರೆಯಾಗಿ ಗುರುತುಮಾಡಿ ಅರ್ಥವನ್ನು ಬಿಡಿಸಿದರು. ಮೂಲದ ಮಾತು ಯಾವುದು, ತಮ್ಮ ಮಾತು ಯಾವುದು ಎಂಬ ಈ ವಿವೇಕವು ಮಲ್ಲಿನಾಥನ ಸಂಪ್ರದಾಯದಲ್ಲಿ ಬೆಳೆದವರಿಗೆ ಮೆಚ್ಚಿಗೆಯಾಗತಕ್ಕದ್ದು.

ಇದೇ ಸಮುದಾಯದಲ್ಲಿ ಒಂದು ಹೊಸ ನಾಮಧಾತುವೂ ಹುಟ್ಟಿತು. ೨೦೧೬ರ ನವೆಂಬರಿನಲ್ಲಿ ಒಂದು ಅಭಿಮಾನಿಸಭೆಯಲ್ಲಿ ಪ್ರೇಕ್ಷಕರು ತಮ್ಮ ಕೈದೀಪಗಳನ್ನು ನೇರಳೆಬಣ್ಣವಾಗಿ ಬೆಳಗಿಸಿದುದನ್ನು ಕಂಡು, ‘ವಿ’ ಎಂಬ ಗಾಯಕನು ನೇರಳೆಯೆಂಬರ್ಥದ ‘ಬೊರಾ’ ಶಬ್ದಕ್ಕೆ, ಪ್ರೀತಿಸುತ್ತೇನೆಂಬರ್ಥದ ‘ಸರಾಂಗ್‌ಹೆ’ ಎಂಬಲ್ಲಿಯ ‘ಹೆ’ ಎಂಬುದನ್ನು ಸೇರಿಸಿ ‘ಬೊರಾಹೆ’ ಎಂದನು. ಕಾಮನಬಿಲ್ಲಿನ ಕೊನೆಯ ಬಣ್ಣ ನೇರಳೆಯಾದುದರಿಂದ, ಕೊನೆಯವರೆಗೂ ಪರಸ್ಪರ ನಂಬಿ ಪ್ರೀತಿಸುವುದೆಂಬುದು ಅವನು ಹೇಳಿದ ಭಾವ. ಕೋಶದಲ್ಲಿಲ್ಲದ ಈ ಕ್ರಿಯಾಪದವು ಪ್ರಯೋಗಬಲದಿಂದಲೇ ದೇಶದೇಶಗಳಲ್ಲಿ ರೂಢವಾಯಿತು.

೨೦೧೭ರಲ್ಲಿ ಅಭಿಮಾನಿಗಳ ಮತಗಳಿಂದ ಮಂಡಲಿಗೆ ಅಮೆರಿಕದ ಬಿಲ್‌ಬೋರ್ಡ್ ಪ್ರಶಸ್ತಿಯೊಂದು ಬಂದುದೂ, ೨೦೨೦ರ ಜೂನಿನಲ್ಲಿ ಕರಿಯರ ಹಕ್ಕಿನ ಹೋರಾಟಕ್ಕೆ ಮಂಡಲಿಯೂ ಅದರ ಸಂಸ್ಥೆಯೂ ೧೦ ಲಕ್ಷ ಡಾಲರು ಕೊಟ್ಟ ಸುದ್ದಿಯನ್ನು ಕೇಳಿ ಅಭಿಮಾನಿಗಳು ಸುಮಾರು ಒಂದು ದಿನದಲ್ಲಿ ಅಷ್ಟೇ ಹಣವನ್ನು ಕೂಡಿಸಿದುದೂ ಸುಪ್ರಸಿದ್ಧ. ತಮ್ಮ ಗಾಯಕರನ್ನು ಟೀಕಿಸಿದವರ ಮೇಲೆ ಇದೇ ಸಮುದಾಯದ ಕೆಲವರು ಹಿಂಡುಹಿಂಡಾಗಿ ಎರಗಿದುದೂ ಉಂಟು. ಅಲ್ಲಿ ಅಭಿಮಾನವು ಸಾಂಖ್ಯರ ಅರ್ಥಕ್ಕೆ ತಿರುಗಿತೆನ್ನಬೇಕು.

ಅಂಥ ಸಂದರ್ಭವೇ ೨೦೧೮ರ ನವೆಂಬರಿನಲ್ಲಿ ಒದಗಿತು. ಜಿಮಿನ್ ಎಂಬ ಗಾಯಕನು ಹಿಂದಿನ ವರ್ಷ ತೊಟ್ಟಿದ್ದ ಅಂಗಿಯೊಂದರಲ್ಲಿ ಕೊರಿಯಾದ ವಿಮೋಚನೆಯನ್ನು ಕೊಂಡಾಡುವ ಮಾತುಗಳೊಡನೆ ಪರಮಾಣುಬಾಂಬಿನ ಹೊಗೆಯ ಚಿತ್ರವೂ ಇದ್ದಿತು. ಜಪಾನಿನ ದೂರದರ್ಶನ ಸಂಸ್ಥೆಯೊಂದು ಮಂಡಲಿಯ ಕಾರ್ಯಕ್ರಮವನ್ನು ರದ್ದುಮಾಡಿತು. ಮಂಡಲಿಯ ಸಂಸ್ಥೆಯು ಕ್ಷಮೆ ಬೇಡಿತು. ೧೯೧೦ರಿಂದ ೧೯೪೫ರವರೆಗೆ ಜಪಾನಿನ ಆಳ್ವಿಕೆಯಲ್ಲಿ ನೊಂದ ಕೊರಿಯನ್ನರ ನೆನಪೂ, ಹಿರೋಶಿಮ ನಾಗಸಾಕಿಗಳಲ್ಲಿ ಬೆಂದವರ ನೆನಪೂ ಎದುರುಬದುರಾಗಿ ನಿಂತವು. ಆ ಎರಡು ನಗರಗಳಲ್ಲಿ ಸತ್ತವರಲ್ಲಿ ಕೊರಿಯನ್ನರೂ ಸಾವಿರಾರು ಮಂದಿ ಇದ್ದರೆಂಬುದನ್ನು ಆಗ ಕೂಗಾಡಿದವರಲ್ಲಿ ಎಷ್ಟು ಮಂದಿ ಬಲ್ಲರು? ಈ ಗದ್ದಲದ ನಡುವೆ ನಾನಾ ದೇಶಗಳ ಕೆಲವು ಅಭಿಮಾನಿಗಳು ಕೂಡಿ ‘ಶ್ವೇತಪತ್ರ’ವೆಂಬ ದೀರ್ಘ ಲೇಖವನ್ನು ಸಿದ್ಧಪಡಿಸಿದರು. ಘಟನೆಗಳ ಕಾಲಾನುಕ್ರಮ, ವಸಾಹತುಕಾಲದ ಇತಿಹಾಸ, ಪತ್ರಿಕೆಗಳು ಬರೆದ ಬಗೆ ಇವೆಲ್ಲ ಅದರಲ್ಲಿವೆ. ಪಕ್ಷಪಾತವು ಅದರಲ್ಲಿ ಲೇಶವೂ ಇಲ್ಲವೆನ್ನಲಾಗದು, ಬರೆದವರು ಅಭಿಮಾನಿಗಳೇ ಅಲ್ಲವೆ? ಆದರೂ ಕೂಗಿಗೆ ಕೂಗನ್ನು ಸೇರಿಸದೆ ಆಧಾರಗಳನ್ನು ಕೂಡಿಸಿಟ್ಟುದರಿಂದ, ಈ ಸಮುದಾಯದ ಆಕರಗಳಲ್ಲಿ ಅದಕ್ಕೆ ಅಗ್ರಸ್ಥಾನವು ಸಲ್ಲಬೇಕು.

ಶ್ವೇತಪತ್ರದಂತೆ ಒಂದೆಡೆ ಕೂಡಿಬಂದಿರುವ ಲೇಖಗಳು ವಿರಳ. ಟಿಪ್ಪಣಿಗಳೂ ಅನುವಾದಗಳೂ ಬಹುಮಟ್ಟಿಗೆ ವಾಣಿಜ್ಯಸಂಸ್ಥೆಗಳ ಅಧೀನದಲ್ಲಿರುವ ಜಾಲತಾಣಗಳಲ್ಲಿ ಚದುರಿಹೋಗಿವೆ. ೨೦೧೯ರಲ್ಲಿ ಮಂಡಲಿಯ ಸಂಸ್ಥೆಯೇ ‘ವೀವರ್ಸ್’ ಎಂಬ ತಾಣವನ್ನು ಸ್ಥಾಪಿಸಿ ಅಭಿಮಾನಿಗಳನ್ನು ಅಲ್ಲಿಗೆ ಬರಮಾಡಿಕೊಂಡಿತು. ಹಿಂದಿನ ತಲೆಮಾರಿನವರು ಕೂಡುತ್ತಿದ್ದ ನೌನುರಿಯು, ‘ಆರ್ಮಿ’ ಎಂಬ ಹೆಸರು ಹುಟ್ಟಿದ ೨೦೧೩ರಲ್ಲಿಯೇ ಬಾಗಿಲು ಹಾಕಿತು. ಚೊಲ್ಲಿಯನ್ ೨೦೨೪ರಲ್ಲಿ ಮುಚ್ಚಿತು.