ಫೀನಿಕ್ಸ್ ಕಣ್ಣಿನ ಮುಷ್ಟಿ

ಫೀನಿಕ್ಸ್ ಕಣ್ಣಿನ ಮುಷ್ಟಿ (ಕ್ಯಾಂಟನೀಸ್: ಫುಂಗ್ ಙಾನ್ ಕ್ಯೂನ್, ಮ್ಯಾಂಡರಿನ್: ಫೆಂಗ್ ಯೆನ್ ಚ್ಯುಆನ್) ಎಂಬುದು ದಕ್ಷಿಣ ಚೀನಾದ ಕುಂಗ್ ಫು ಪರಂಪರೆಗಳಲ್ಲಿ ಬಳಕೆಯಲ್ಲಿರುವ ಒಂದು ವಿಶಿಷ್ಟ ಹಸ್ತವಿನ್ಯಾಸ. ಸಾಮಾನ್ಯ ಮುಷ್ಟಿಯಲ್ಲಿ ಬೆರಳುಗಳ ಬುಡದ ಗೆಣ್ಣುಗಳು ಗುರಿಗೆ ತಾಗಿದರೆ, ಇದರಲ್ಲಿ ತೋರುಬೆರಳಿನ ನಡುಗೆಣ್ಣು ಮಾತ್ರ ಮುಂದಕ್ಕೆ ಚಾಚಿಕೊಂಡು ಹೊಡೆತದ ಭಾರವನ್ನೆಲ್ಲ ಹೊರುತ್ತದೆ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಕ್ಕಾ ಜನರಲ್ಲಿ ಬೆಳೆದ ದಕ್ಷಿಣದ ಪ್ರೇಯಿಂಗ್ ಮ್ಯಾಂಟಿಸ್ ಶೈಲಿಯ ಗುರುತು ಎನಿಸಿಕೊಂಡಿರುವ ಈ ಮುಷ್ಟಿಯು ಬಾಕ್ ಮೇಯ್ (ಬಿಳಿ ಹುಬ್ಬು) ಹಾಗೂ ಡ್ರ್ಯಾಗನ್ ಶೈಲಿಗಳಲ್ಲಿಯೂ ಪ್ರಮುಖ ಸ್ಥಾನ ಪಡೆದಿದೆ.

ಹೆಸರು

ಫೆಂಗ್‌ಹುವಾಂಗ್ ಚೀನೀ ಪುರಾಣಗಳ ಮಂಗಳಕರ ಪಕ್ಷಿ. ಪಾಶ್ಚಾತ್ಯರು ಇದನ್ನು ಫೀನಿಕ್ಸ್ ಎಂದು ಕರೆದರಾದರೂ, ಬೂದಿಯಿಂದ ಮರುಹುಟ್ಟು ಪಡೆಯುವ ಗ್ರೀಕ್ ಪಕ್ಷಿಗೂ ಇದಕ್ಕೂ ನಂಟಿಲ್ಲ. ಚೀನೀ ಭಾಷೆಯಲ್ಲಿ ‘ಫೀನಿಕ್ಸ್ ಕಣ್ಣು’ ಎಂದರೆ ಉದ್ದವಾದ, ಕಿರಿದಾದ, ಅಂಚಿನಲ್ಲಿ ಮೇಲಕ್ಕೆ ಎಳೆದಂತಿರುವ ಕಣ್ಣು. ಮಡಿಚಿದ ತೋರುಬೆರಳು ಹೆಬ್ಬೆರಳನ್ನು ಕೂಡುವಲ್ಲಿ ಇಂತಹ ಕಣ್ಣಿನ ಆಕಾರ ಕಾಣುವುದರಿಂದ ಈ ಹೆಸರು ಬಂದಿತೆಂದು ವಿವರಿಸಲಾಗುತ್ತದೆ.

ರಚನೆ ಮತ್ತು ಕಾರ್ಯವಿಧಾನ

ನಡುಬೆರಳು, ಉಂಗುರಬೆರಳು ಮತ್ತು ಕಿರುಬೆರಳುಗಳನ್ನು ಅಂಗೈಯೊಳಕ್ಕೆ ಬಿಗಿಯಾಗಿ ಮಡಿಚಲಾಗುತ್ತದೆ. ತೋರುಬೆರಳನ್ನು ಮಾತ್ರ ಪೂರ್ತಿ ಮಡಿಚದೆ, ಅದರ ನಡುಗೆಣ್ಣು ಇತರ ಬೆರಳುಗಳಿಗಿಂತ ಮುಂದಿರುವಂತೆ ಬಾಗಿಸಿ, ಹೆಬ್ಬೆರಳಿನಿಂದ ಅದರ ತುದಿಭಾಗವನ್ನು ಒತ್ತಿ ಹಿಡಿಯಲಾಗುತ್ತದೆ. ಹೆಬ್ಬೆರಳು ಇಲ್ಲಿ ಗೋಡೆಗೆ ಕೊಟ್ಟ ಊರುಗೋಲಿನಂತೆ. ಅದು ಸಡಿಲವಾದರೆ ತೋರುಬೆರಳು ಹೊಡೆತದ ವೇಳೆ ಒಳಕ್ಕೆ ಕುಸಿಯುತ್ತದೆ. ಹೆಬ್ಬೆರಳನ್ನು ನಿಖರವಾಗಿ ಎಲ್ಲಿ ಇಡಬೇಕೆಂಬುದು ಗುರುಪರಂಪರೆಯಿಂದ ಪರಂಪರೆಗೆ ಬದಲಾಗುತ್ತದೆ.

ಇದರ ಹಿಂದಿನ ತತ್ತ್ವ ಸರಳವಾದುದು. ಒಂದೇ ಪ್ರಮಾಣದ ಬಲವು ಕಿರಿದಾದ ಜಾಗದ ಮೇಲೆ ಬಿದ್ದಾಗ ಒತ್ತಡವು ಹೆಚ್ಚುತ್ತದೆ. ಆದುದರಿಂದ ಈ ಮುಷ್ಟಿಯು ತಲೆಬುರುಡೆಯಂತಹ ಗಟ್ಟಿ ಮೂಳೆಯ ಮೇಲೆ ಹೊಡೆಯಲು ಅಲ್ಲ, ಪಕ್ಕೆಲುಬುಗಳ ನಡುವಿನ ಸಂದು, ಕಂಕುಳು, ಗಂಟಲು, ಎದೆಗೂಡಿನ ಕೆಳಗಿನ ಗುಳಿ, ತೋಳಿನ ಒಳಭಾಗದ ಸ್ನಾಯುಗಳು ಮುಂತಾದ ಮೃದು ಭಾಗಗಳಿಗೆ ಮೀಸಲು. ಕಣತಲೆಯನ್ನೂ ಗುರಿಯಾಗಿ ಹೇಳುವುದುಂಟು.

ಹಕ್ಕಾ ಶೈಲಿಗಳಲ್ಲಿ ಕಾದಾಟವು ಮುಂಗೈಗೆ ಮುಂಗೈ ತಾಗಿರುವಷ್ಟು ಹತ್ತಿರದಲ್ಲಿ ನಡೆಯುತ್ತದೆ. ಕೈಯನ್ನು ಹಿಂದಕ್ಕೆಳೆದು ಬೀಸಲು ಅಲ್ಲಿ ಜಾಗವಿರುವುದಿಲ್ಲ. ಮೊಣಕೈಗಳನ್ನು ದೇಹದ ಮಧ್ಯರೇಖೆಯತ್ತ ತಂದು, ಎದೆಯನ್ನು ಒಳಸೆಳೆದು, ಬೆನ್ನನ್ನು ದುಂಡಾಗಿಸಿ ನಿಲ್ಲುವ ಸಾಧಕನು ಕೆಲವೇ ಅಂಗುಲಗಳ ಅಂತರದಿಂದ ಬಲವನ್ನು ಹೊರಚಿಮ್ಮಿಸಬೇಕಾಗುತ್ತದೆ. ಈ ಹ್ರಸ್ವಬಲವನ್ನು ತೇಲು, ಮುಳುಗು, ನುಂಗು, ಉಗುಳು ಎಂಬ ನಾಲ್ಕು ಪದಗಳಿಂದ ವಿವರಿಸುವುದು ವಾಡಿಕೆ. ಎದುರಾಳಿಯ ಬಲವನ್ನು ‘ನುಂಗಿ’ ಮರುಕ್ಷಣದಲ್ಲೇ ‘ಉಗುಳುವಾಗ’ ಅದರ ತುದಿಯಲ್ಲಿ ಇರುವುದು ಹೆಚ್ಚಾಗಿ ಈ ಮುಷ್ಟಿಯೇ. ಅಗಲವಾದ ಮುಷ್ಟಿಗೆ ದಾರಿಯಿಲ್ಲದ ಕಡೆ, ಎರಡು ತೋಳುಗಳ ನಡುವಣ ಕಿಂಡಿಯಲ್ಲಿ, ಚೂಪಾದ ಈ ಮುಷ್ಟಿ ನುಗ್ಗಬಲ್ಲದು.

ಪರಂಪರೆಗಳು

ಕೀಟದ ಹೆಸರೊಂದೇ ಆದರೂ, ಶಾನ್‌ಡಾಂಗ್ ಪ್ರಾಂತ್ಯದ ಉತ್ತರದ ಮ್ಯಾಂಟಿಸ್ ಶೈಲಿಗೂ ದಕ್ಷಿಣದ ಶೈಲಿಗೂ ಸಂಬಂಧವಿಲ್ಲ. ಉತ್ತರದವರು ಕೀಟದ ಮುಂಗಾಲನ್ನು ಹೋಲುವ ಕೊಕ್ಕೆಗೈಯನ್ನು ಬಳಸಿದರೆ, ದಕ್ಷಿಣದವರಿಗೆ ಫೀನಿಕ್ಸ್ ಕಣ್ಣೇ ಪ್ರಧಾನ. ದಕ್ಷಿಣದ ಶೈಲಿಯಲ್ಲಿ ಚೌ ಗಾರ್, ಚು ಗಾರ್ ಮತ್ತು ಕ್ವಾಂಗ್ ಸಾಯ್ ಜೂಕ್ ಲಮ್ (ಬಿದಿರುಕಾಡು) ಶಾಖೆಗಳು ಪ್ರಸಿದ್ಧವಾಗಿವೆ. ಮೊದಲೆರಡು ಶಾಖೆಗಳ ಇಂದಿನ ಪರಂಪರೆಗಳು ಹಾಂಗ್‌ಕಾಂಗ್‌ನಲ್ಲಿ ಕಲಿಸಿದ ಲಾವ್ ಸೋಯ್ (1866–1942) ಅವರಲ್ಲಿ ಕೂಡುತ್ತವೆ. ಮೂಲಪುರುಷ ಯಾರೆಂಬ ವಿಷಯದಲ್ಲಿ ಮಾತ್ರ ಅವುಗಳಿಗೆ ಒಮ್ಮತವಿಲ್ಲ.

ಬಾಕ್ ಮೇಯ್ ಶೈಲಿಯನ್ನು ಇಂದಿನ ರೂಪದಲ್ಲಿ ಹರಡಿದವರು ಚೆಯುಂಗ್ ಲಾಯ್ ಚುಯೆನ್. ಶಾವೊಲಿನ್ ಮಠದ ದಹನದಿಂದ ಪಾರಾದ ಐವರು ಹಿರಿಯರಲ್ಲಿ ಬಾಕ್ ಮೇಯ್ ಒಬ್ಬನೆಂಬ ಕಥೆಯನ್ನು ಇತಿಹಾಸಕಾರರು ದಂತಕಥೆಯೆಂದೇ ಪರಿಗಣಿಸುತ್ತಾರೆ. ಭಾರತೀಯ ಓದುಗರಿಗೆ ಪರಿಚಿತವಾದ ಬೋಧಿಧರ್ಮನ ಕಥೆಯೂ ಇದೇ ಸಾಲಿಗೆ ಸೇರತಕ್ಕದ್ದು. ಅವನದೆನ್ನಲಾಗುವ ‘ಯಿಜಿನ್ ಜಿಂಗ್’ ಗ್ರಂಥವು 17ನೆಯ ಶತಮಾನದ ರಚನೆಯೆಂದು ವಿದ್ವಾಂಸರು ತೋರಿಸಿದ್ದಾರೆ.

ಒಕಿನಾವಾದಲ್ಲಿ

ಒಕಿನಾವಾದ ಉಯೆಚಿ ಕನ್‌ಬುನ್ (1877–1948) ಅವರು 1897ರಲ್ಲಿ ಫೂಜಿಯಾನ್‌ನ ಫುಝೌ ನಗರಕ್ಕೆ ತೆರಳಿ, ಅಲ್ಲಿ ಕಲಿತ ವಿದ್ಯೆಯೊಡನೆ 1910ರಲ್ಲಿ ಮರಳಿದರು. ಅವರಿಂದ ಬೆಳೆದ ಉಯೆಚಿ-ರ್‍ಯು ಕರಾಟೆಯಲ್ಲಿ ‘ಶೋಕೆನ್’ ಎಂಬ ಇದೇ ಬಗೆಯ ಮುಷ್ಟಿಯಿದೆ. ಇತರ ಕರಾಟೆ ಶಾಲೆಗಳಲ್ಲಿ ಇದಕ್ಕೆ ‘ಇಪ್ಪೊನ್-ಕೆನ್’ ಎಂಬ ಹೆಸರಿದ್ದು, ನಡುಬೆರಳನ್ನು ಚಾಚುವ ‘ನಕದಕ-ಕೆನ್’ ಬೇರೆಯೇ ಆದುದು.

ಅಭ್ಯಾಸ ಮತ್ತು ಅಪಾಯಗಳು

ಬೆರಳು ಹಾಗೂ ಮಣಿಕಟ್ಟುಗಳನ್ನು ಗಟ್ಟಿಗೊಳಿಸಲು ಗೆಣ್ಣಿನ ಮೇಲೆ ದಂಡ ಹೊಡೆಯುವುದು, ಕಾಳು ಅಥವಾ ಮರಳು ತುಂಬಿದ ಚೀಲಗಳಿಗೆ ಮೆಲ್ಲಗೆ ಗುದ್ದುವುದು, ಬಳಿಕ ‘ದಿತ್ ದಾ ಜೌ’ ಎಂಬ ಗಿಡಮೂಲಿಕೆಗಳ ಮದ್ದು ಹಚ್ಚಿ ಉಜ್ಜುವುದು ರೂಢಿ. ಇಬ್ಬರು ಮುಂಗೈಗಳನ್ನು ತಾಗಿಸಿಕೊಂಡು ತಿರುಗಿಸುವ ಅಭ್ಯಾಸವು ಇದಕ್ಕಿಂತ ಮುಖ್ಯವೆನ್ನಬೇಕು. ಸ್ಪರ್ಶದಿಂದಲೇ ಕಿಂಡಿಯನ್ನು ಅರಿಯದವನಿಗೆ ಗಟ್ಟಿಯಾದ ಗೆಣ್ಣಿನಿಂದ ಪ್ರಯೋಜನವಿಲ್ಲ.

ಬರಿಗೈ ಹೊಡೆತಗಳಲ್ಲಿ ಕಿರುಬೆರಳಿನ ಬುಡದ ಅಂಗೈಮೂಳೆ ಮುರಿಯುವುದು ಸಾಮಾನ್ಯ. ಫೀನಿಕ್ಸ್ ಕಣ್ಣಿನ ಮುಷ್ಟಿಯಲ್ಲಿ ಆ ಮೂಳೆಗೆ ನೇರ ಹೊಡೆತ ಬೀಳದಿದ್ದರೂ ಅಪಾಯವು ತೋರುಬೆರಳಿನ ಸಣ್ಣ ಕೀಲಿಗೆ ವರ್ಗವಾಗುತ್ತದೆ. ಗುರಿ ಓರೆಯಾದರೆ ಆ ಕೀಲಿನ ಪಕ್ಕದ ಅಸ್ಥಿರಜ್ಜುಗಳು ಹರಿಯಬಹುದು. ಬೆಳೆಯುವ ಮಕ್ಕಳ ಬೆರಳಿನ ಮೂಳೆಗಳಲ್ಲಿ ಮೃದುವಾದ ಬೆಳವಣಿಗೆಯ ಪದರಗಳಿರುವುದರಿಂದ ಅವರಿಗೆ ಇಂತಹ ಕಠಿಣ ಸಾಧನೆ ತಕ್ಕುದಲ್ಲ.

ಈ ಮುಷ್ಟಿಯನ್ನು ‘ದಿಮ್ ಮಾಕ್’ ಎಂಬ ಮರ್ಮಾಘಾತ ವಿದ್ಯೆಯೊಡನೆ ಜೋಡಿಸಿ, ತಾಗಿದ ಎಷ್ಟೋ ದಿನಗಳ ಬಳಿಕ ಸಾವು ತರಬಲ್ಲದೆಂದು ಹೇಳುವುದುಂಟು. ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಗಂಟಲಿನ ಮೇಲೆ ಬಿದ್ದ ಹೊಡೆತದಿಂದ ಉಸಿರುನಾಳ ಜಜ್ಜಿಹೋಗುವುದು, ಹೃದಯಬಡಿತದ ನಿರ್ದಿಷ್ಟ ಕ್ಷಣವೊಂದರಲ್ಲಿ ಎದೆಗೆ ಬಿದ್ದ ಪೆಟ್ಟಿನಿಂದ ಹೃದಯವು ಲಯ ತಪ್ಪುವುದು ಮಾತ್ರ ನಿಜವಾದ ಅಪಾಯಗಳು. ಎರಡನೆಯದು ಚೆಂಡು ತಾಗಿದ ಆಟಗಾರರಲ್ಲಿಯೂ ಕಂಡುಬಂದಿದೆ.